ಓವರ್‌ಲುಕ್ ಹೋಟೆಲ್‌ನಲ್ಲಿ ಕತ್ತಲೇ ಇಲ್ಲ, ಮತ್ತೆ ಅಷ್ಟೊಂದು ಭಯ ಎಲ್ಲಿಂದ ಬರುತ್ತೆ?

ಗರಗರಗರ... ಸದ್ದಿಲ್ಲ. ಗರಗರಗರ... ಮತ್ತೆ ಸದ್ದಿಲ್ಲ.

ಇವತ್ತಿನ ಸಂಚಿಕೆಯನ್ನ ಈ ಸದ್ದಿನಿಂದಲೇ ಶುರು ಮಾಡೋಣ. ಐದಾರು ವರ್ಷದ ಹುಡುಗನೊಬ್ಬ ಖಾಲಿ ಹೋಟೆಲ್‌ನ ಉದ್ದುದ್ದ ಕಾರಿಡಾರ್‌ಗಳಲ್ಲಿ ಮೂರು ಚಕ್ರದ ಸೈಕಲ್ ತುಳಿಯುತ್ತಿದ್ದಾನೆ. ಮರದ ನೆಲದ ಮೇಲೆ ಬಂದಾಗ ಚಕ್ರ ಗರಗರ ಅನ್ನುತ್ತೆ. ಕಾರ್ಪೆಟ್ ಹತ್ತಿದ ತಕ್ಷಣ ಸದ್ದು ಸತ್ತುಹೋಗುತ್ತೆ. ಕಾರ್ಪೆಟ್ ಇಳಿದರೆ ಮತ್ತೆ ಗರಗರ. ಅಷ್ಟೇ ದೃಶ್ಯ. ದೆವ್ವ ಇಲ್ಲ, ರಕ್ತ ಇಲ್ಲ, ಕಿರುಚಾಟ ಇಲ್ಲ. ಆದರೂ ಇಯರ್‌ಫೋನ್ ಹಾಕಿಕೊಂಡು ನೋಡಿದವರಿಗೆ ಗೊತ್ತು, ಪ್ರತಿ ತಿರುವಿನಲ್ಲೂ ಎದೆ ಒಂದು ಕ್ಷಣ ನಿಂತ ಹಾಗಾಗುತ್ತೆ.

ಸಿನಿಮಾ ಯಾವುದು ಅಂತ ನಿಮ್ಮಲ್ಲಿ ಹಲವರಿಗೆ ಆಗಲೇ ಗೊತ್ತಾಗಿರಬೇಕು. 'ದಿ ಶೈನಿಂಗ್'. 1980ರ ಮೇ 23ರಂದು ಅಮೆರಿಕದಲ್ಲಿ ಬಿಡುಗಡೆಯಾಯ್ತು. ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್, ಮುಖ್ಯ ಪಾತ್ರದಲ್ಲಿ ಜ್ಯಾಕ್ ನಿಕಲ್ಸನ್. ಕೊಡಲಿಯಿಂದ ಬಾಗಿಲು ಸೀಳಿ, ಆ ಸಂದಿಯಲ್ಲಿ ಮುಖ ತೂರಿಸಿ ಹಲ್ಲು ಕಿರಿಯುವ ಆ ಮನುಷ್ಯನ ಮೀಮ್ ನಿಮ್ಮ ಫೋನ್‌ಗೂ ಬಂದೇ ಬಂದಿರುತ್ತೆ, ಸಿನಿಮಾ ನೋಡಿಲ್ಲದಿದ್ದರೂ. ಕತೆ ಪೂರ್ತಿ ಹೇಳ್ತೀನಿ, ಕ್ಲೈಮ್ಯಾಕ್ಸ್ ಸಮೇತ. ಅದು ಬೇಡ ಅನ್ನೋರು ಇಲ್ಲೇ ಪಾಸ್ ಒತ್ತಿ, ನೋಡಿಕೊಂಡು ಬನ್ನಿ.

ಕತೆ ಬಹಳ ಸಣ್ಣದು. ಜ್ಯಾಕ್ ಟಾರೆನ್ಸ್ ಒಬ್ಬ ಮಾಜಿ ಮೇಷ್ಟ್ರು, ಲೇಖಕ ಆಗಬೇಕು ಅನ್ನೋ ಆಸೆ. ಕೊಲರಾಡೊ ಬೆಟ್ಟಗಳ ಮೇಲಿರುವ ಓವರ್‌ಲುಕ್ ಅನ್ನೋ ದೊಡ್ಡ ಹೋಟೆಲ್ ಚಳಿಗಾಲದಲ್ಲಿ ಹಿಮ ಬಿದ್ದು ರಸ್ತೆ ಮುಚ್ಚುವುದರಿಂದ ತಿಂಗಳುಗಟ್ಟಲೆ ಬಾಗಿಲು ಹಾಕಿರುತ್ತೆ. ಅಷ್ಟು ದಿನ ಅದನ್ನ ನೋಡಿಕೊಳ್ಳುವ ಕೇರ್‌ಟೇಕರ್ ಕೆಲಸ ಇವನಿಗೆ ಸಿಗುತ್ತೆ. ಹೆಂಡತಿ ವೆಂಡಿ, ಮಗ ಡ್ಯಾನಿ ಜೊತೆಗೆ ಹೊರಡ್ತಾನೆ. ಇಂಟರ್‌ವ್ಯೂನಲ್ಲೇ ಮ್ಯಾನೇಜರ್ ಹೇಳ್ತಾನೆ: ಹಿಂದೆ ಇದೇ ಕೆಲಸಕ್ಕಿದ್ದ ಗ್ರೇಡಿ ಅನ್ನೋನು ಇಲ್ಲೇ ಹೆಂಡತಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕೊಡಲಿಯಿಂದ ಕೊಂದ. ಜ್ಯಾಕ್ ನಕ್ಕು, ನಮ್ಮನೇಲಿ ಅಂಥದ್ದೇನೂ ಆಗಲ್ಲ ಬಿಡಿ ಅಂತಾನೆ. ಮುಂದೇನು ಅಂತ ನೀವೇ ಊಹಿಸಬಹುದು. ಸಿನಿಮಾ ಕೂಡ ಅದನ್ನ ಮುಚ್ಚಿಡಲ್ಲ. ಮೊದಲ ಹತ್ತು ನಿಮಿಷದಲ್ಲೇ ಕತೆ ಎಲ್ಲಿಗೆ ಹೋಗುತ್ತೆ ಅಂತ ಹೇಳಿಬಿಡುತ್ತೆ.

ಪ್ರಶ್ನೆ ಇರೋದು ಇಲ್ಲೇ. ಏನಾಗುತ್ತೆ ಅಂತ ಮೊದಲೇ ಗೊತ್ತಿರುವ ಸಿನಿಮಾವನ್ನ ಜನ ಇಪ್ಪತ್ತು ಸಲ, ಮೂವತ್ತು ಸಲ ಯಾಕೆ ನೋಡ್ತಾರೆ? ಅಷ್ಟು ಸಲ ನೋಡಿದ ಮೇಲೂ ಯಾಕೆ ಹೆದರ್ತಾರೆ?

ಮೊದಲು ಬೆಳಕಿನ ವಿಷಯ ಹೇಳ್ತೀನಿ. ನಮಗೆಲ್ಲ ಹಾರರ್ ಅಂದ್ರೆ ಕತ್ತಲೆ. ಕರೆಂಟ್ ಹೋಗಬೇಕು, ಮೇಣದಬತ್ತಿ ಆರಬೇಕು, ಬಾವಿ ಹತ್ತಿರ ಏನೋ ಸರಿದ ಹಾಗಾಗಬೇಕು. ಕುಬ್ರಿಕ್ ಇದನ್ನ ತಿರುವುಮುರುವು ಮಾಡಿದ. ಓವರ್‌ಲುಕ್ ಹೋಟೆಲ್ ಝಗಮಗ ಅನ್ನುತ್ತೆ. ಆಳೆತ್ತರದ ಕಿಟಕಿಗಳಿಂದ ಬೆಳಕು ಸುರಿಯುತ್ತೆ, ಕಾರಿಡಾರ್‌ಗಳಲ್ಲಿ ದೀಪ ಉರೀತಾನೇ ಇರುತ್ತೆ. ನೀಲಿ ಫ್ರಾಕ್ ಹಾಕಿ ಕೈ ಕೈ ಹಿಡಿದು ನಿಂತ ಆ ಇಬ್ಬರು ಹುಡುಗಿಯರು ಯಾವ ಮೂಲೆಯ ನೆರಳಿನಿಂದಲೂ ಬರಲ್ಲ. ಕಾರಿಡಾರ್‌ನ ಆ ತುದಿಯಲ್ಲಿ, ಪೂರ್ತಿ ಬೆಳಕಿನಲ್ಲಿ, ಫೋಟೋಗೆ ನಿಂತವರ ಹಾಗೆ ನಿಂತಿರ್ತಾರೆ. ಕತ್ತಲೆಗೆ ಹೆದರಿದವನು ದೀಪ ಹಾಕಬಹುದು. ಇಲ್ಲಿ ದೀಪ ಹಾಕಿಯೇ ಇದೆ. ಇನ್ನೇನು ಮಾಡ್ತೀರಿ?

ಆ ಸೈಕಲ್ ದೃಶ್ಯಕ್ಕೆ ಬರೋಣ. ಅದರ ಹಿಂದೆ ಒಂದು ಯಂತ್ರ ಇದೆ, ಹೆಸರು ಸ್ಟೆಡಿಕ್ಯಾಮ್. ಕ್ಯಾಮೆರಾ ಹೊತ್ತವನು ನಡೆದರೂ ಓಡಿದರೂ ಚಿತ್ರ ಅಲುಗಾಡದ ಹಾಗೆ ನೋಡಿಕೊಳ್ಳುವ ಸಾಧನ. ಅದನ್ನ ಕಂಡುಹಿಡಿದ ಗ್ಯಾರೆಟ್ ಬ್ರೌನ್ ಅವರೇ ಈ ಸಿನಿಮಾಕ್ಕೆ ಬಂದು ಅದನ್ನ ನಡೆಸಿದರು. ಅಷ್ಟೊತ್ತಿಗೆ ಸ್ಟೆಡಿಕ್ಯಾಮ್ ಹಳೆಯ 'ರಾಕಿ'ಯಂಥ ಚಿತ್ರಗಳಲ್ಲಿ ಬಳಕೆಯಾಗಿತ್ತು ನಿಜ. ಇಲ್ಲಿ ಹೊಸದಾಗಿದ್ದದ್ದು ಎತ್ತರ. ಕ್ಯಾಮೆರಾವನ್ನ ನೆಲದಿಂದ ಸ್ವಲ್ಪವೇ ಮೇಲಕ್ಕೆ ಬರುವ ಹಾಗೆ ವೀಲ್‌ಚೇರ್‌ಗೆ ಅಳವಡಿಸಿ ಹುಡುಗನ ಹಿಂದೆ ತಳ್ಳಿಕೊಂಡು ಹೋದರು. ಹಾಗಾಗಿ ನಾವು ಹೋಟೆಲ್ಲನ್ನ ನೋಡೋದು ಮಗುವಿನ ಎತ್ತರದಿಂದ. ಬಾಗಿಲುಗಳು ದೊಡ್ಡವು, ಗೋಡೆ ಮುಗಿಯಲ್ಲ, ತಿರುವಿನ ಆಚೆ ಏನಿದೆ ಅನ್ನೋದು ತಿರುಗಿದ ಮೇಲೇ ಗೊತ್ತಾಗೋದು. ಇನ್ನೊಂದು ವಿಷಯ: ಆ ಕ್ಯಾಮೆರಾ ಹುಡುಗನ ಹಿಂದೆಯೇ ಹೋಗ್ತಿದೆ, ಒಂದೇ ಅಂತರ ಇಟ್ಟುಕೊಂಡು, ಹೆಜ್ಜೆ ಸಪ್ಪಳ ಇಲ್ಲದೆ. ಹಾಗಾದರೆ ಹಿಂಬಾಲಿಸ್ತಿರೋದು ಯಾರು? ನಾವೇ. ಅಥವಾ ನಮ್ಮ ಕಣ್ಣು ಬಳಸಿಕೊಂಡು ಬೇರೆ ಯಾರೋ.

ಈಗ ಕಟ್ಟಡದ ವಿಷಯ. ಈ ಹೋಟೆಲ್ ಎಲ್ಲೂ ಇಲ್ಲ. ಹೊರಗಿನಿಂದ ಕಾಣೋದು ಒರೆಗಾನ್ ರಾಜ್ಯದ ಟಿಂಬರ್‌ಲೈನ್ ಲಾಡ್ಜ್. ಒಳಗಿನದ್ದೆಲ್ಲ ಇಂಗ್ಲೆಂಡ್‌ನ ಎಲ್‌ಸ್ಟ್ರೀ ಸ್ಟುಡಿಯೊದಲ್ಲಿ ಹಾಕಿದ ಸೆಟ್. ಹಿಮ ಅಂತ ಕಾಣೋದರಲ್ಲಿ ಹೆಚ್ಚಿನದು ಉಪ್ಪು ಮತ್ತು ಥರ್ಮೊಕೋಲ್ ಪುಡಿ. ಸೆಟ್ ಅಂದ ಮೇಲೆ ಅಳತೆ ಹಿಡಿದು ಕಟ್ಟಬಹುದಿತ್ತಲ್ಲ? ಆದರೆ ಇಲ್ಲಿ ಲೆಕ್ಕ ತಾಳೆಯಾಗಲ್ಲ. ಮ್ಯಾನೇಜರ್ ಕೋಣೆಯ ಕಿಟಕಿ ನೋಡಿ. ಹೊರಗಿನ ಬೆಳಕು ಬರ್ತಿದೆ, ಆಚೆ ಗಿಡದ ಎಲೆ ಕಾಣ್ತಿದೆ. ಜ್ಯಾಕ್ ಆ ಕೋಣೆಗೆ ನಡೆದು ಬಂದ ದಾರಿಯನ್ನ ನೆನಪಿಟ್ಟುಕೊಂಡರೆ, ಅದು ಕಟ್ಟಡದ ಮಧ್ಯದಲ್ಲಿರೋ ಕೋಣೆ. ಹಿಂದೆ ಕಾರಿಡಾರ್ ಇದೆ. ಅಲ್ಲಿ ಹೊರಗೋಡೆ ಇರೋದಕ್ಕೆ ಸಾಧ್ಯವೇ ಇಲ್ಲ. ಜ್ಯಾಕ್ ಟೈಪ್ ಮಾಡ್ತಾ ಕೂತಿರುವಾಗ ಹಿಂದೆ ಗೋಡೆಗೆ ಒತ್ತಿ ಇಟ್ಟಿದ್ದ ಕುರ್ಚಿ ಒಂದು ಶಾಟ್‌ನಲ್ಲಿ ಇರುತ್ತೆ, ಇನ್ನೊಂದರಲ್ಲಿ ಇರಲ್ಲ. ಗಿಡದ ಬೇಲಿಗಳ ದೊಡ್ಡ ಚಕ್ರವ್ಯೂಹ ಒಂದಿದೆಯಲ್ಲ, ಸಿನಿಮಾದ ಶುರುವಿನಲ್ಲಿ ಆಕಾಶದಿಂದ ಹೋಟೆಲ್ ತೋರಿಸುವಾಗ ಅದು ಕಾಣೋದೇ ಇಲ್ಲ. ಕೊಲೆಯಾದ ಮಕ್ಕಳಿಗೆ ಎಂಟು, ಹತ್ತು ವರ್ಷ ಅಂತ ಮ್ಯಾನೇಜರ್ ಹೇಳಿದ್ದ. ಕಾಣಿಸಿಕೊಳ್ಳುವ ಹುಡುಗಿಯರು ಅವಳಿಗಳ ಹಾಗಿದ್ದಾರೆ.

ಇವೆಲ್ಲ ಬೇಕಂತಲೇ ಮಾಡಿದ್ದಾ, ಇಲ್ಲ ಕೈತಪ್ಪಾ? ಕುರ್ಚಿ ಬಗ್ಗೆ ಕೇಳಿದರೆ, ನನಗನ್ನಿಸೋದು ಅದು ಬರೀ ಕೈತಪ್ಪು. ಯಾವ ಸಿನಿಮಾದಲ್ಲಾದರೂ ಅಂಥವು ಸಿಗುತ್ತೆ. ಆದರೆ ಮೊದಲ ಸಲ ನೋಡುವಾಗ ನೀವು ಇದ್ಯಾವುದನ್ನೂ ಗಮನಿಸಲ್ಲ. ಗಮನಿಸದೇ ಇದ್ದರೂ ತಲೆಯೊಳಗೆ ಒಂದು ನಕ್ಷೆ ತಯಾರಾಗ್ತಾ ಇರುತ್ತೆ: ಬಾಗಿಲು ಎಲ್ಲಿ, ಮೆಟ್ಟಿಲು ಎಲ್ಲಿ, ಓಡಬೇಕಾದರೆ ಯಾವ ಕಡೆ. ಈ ಹೋಟೆಲ್‌ನಲ್ಲಿ ಆ ನಕ್ಷೆ ಪೂರ್ತಿಯಾಗೋದೇ ಇಲ್ಲ. ಏನೋ ಸರಿಯಿಲ್ಲ ಅನ್ನಿಸುತ್ತೆ, ಯಾವುದು ಅಂತ ಹೇಳೋಕೆ ಬರಲ್ಲ.

ಸಂಗೀತ ಕೂಡ ಇದೇ ಕೆಲಸ ಮಾಡುತ್ತೆ. ಶುರುವಿನಲ್ಲಿ ಬೆಟ್ಟದ ರಸ್ತೆಯಲ್ಲಿ ಇರುವೆಯಷ್ಟು ಸಣ್ಣದಾಗಿ ಕಾರು ಹೋಗುವಾಗ ಕೇಳಿಸುವ ರಾಗ, ವೆಂಡಿ ಕಾರ್ಲೋಸ್ ಮತ್ತು ರೇಚಲ್ ಎಲ್ಕಿಂಡ್ ಸಿಂಥಸೈಜರ್‌ನಲ್ಲಿ ಮಾಡಿದ್ದು. ಮೂಲ, ಯುರೋಪಿನ ಚರ್ಚ್‌ಗಳಲ್ಲಿ ಸತ್ತವರಿಗಾಗಿ ಹಾಡ್ತಿದ್ದ ಮಧ್ಯಯುಗದ ಒಂದು ಪ್ರಾರ್ಥನೆ. ಅಂದ್ರೆ ಕುಟುಂಬ ಹೋಟೆಲ್ ತಲುಪೋ ಮೊದಲೇ ಅವರ ತಿಥಿ ಮಂತ್ರ ಶುರುವಾಗಿರುತ್ತೆ. ಮುಂದೆ ಬರೋದು ಬಾರ್ಟೋಕ್, ಲಿಗೆಟಿ, ಪೆಂಡೆರೆಟ್ಸ್ಕಿ ಅವರ ಸಂಗೀತ, ಸಿನಿಮಾಕ್ಕಂತ ಬರೆದದ್ದಲ್ಲ. ತಮಾಷೆ ಏನಂದ್ರೆ ಅದು ಭಯಾನಕವಾಗಿ ಏರ್ತಾ ಏರ್ತಾ ಹೋಗಿ, ಈಗ ಏನೋ ಆಗುತ್ತೆ ಅಂತ ನಾವು ಕುರ್ಚಿ ಹಿಡ್ಕೊಂಡಾಗ, ಢಣ್ ಅಂತ ಬಡಿದು ಪರದೆ ಮೇಲೆ ಬರೋದು ಒಂದೇ ಪದ: 'ಮಂಗಳವಾರ'. ಮಂಗಳವಾರಕ್ಕೆ ಯಾರಾದ್ರೂ ಹೆದರ್ತಾರಾ? ಹೆದರ್ತೀವಿ ಅಂತ ಆಮೇಲೆ ಗೊತ್ತಾಗುತ್ತೆ. ಸಿನಿಮಾದಲ್ಲಿ ಮೊದಲು 'ಒಂದು ತಿಂಗಳ ನಂತರ' ಅಂತ ಬರುತ್ತೆ, ಆಮೇಲೆ ಬರೀ ವಾರದ ಹೆಸರುಗಳು, ಕೊನೆಗೆ ಗಂಟೆಗಳು. ಮಂಗಳವಾರ ಸರಿ, ಯಾವ ತಿಂಗಳ ಮಂಗಳವಾರ? ಲಾಕ್‌ಡೌನ್‌ನಲ್ಲಿ ಮನೆಯೊಳಗೆ ಕೂತು ಇವತ್ತು ಯಾವ ವಾರ ಅಂತ ಫೋನ್ ನೋಡಿ ತಿಳ್ಕೊಂಡವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ಹೊತ್ತು ಹೇಳಿದ್ದು ತಂತ್ರ. ಬರೀ ತಂತ್ರದಿಂದ ಒಂದು ಸಿನಿಮಾ ಇಷ್ಟು ವರ್ಷ ಕಾಡಲ್ಲ. ನನ್ನ ಪ್ರಕಾರ ಇದರ ನಿಜವಾದ ಭಯ ದೆವ್ವದಲ್ಲೂ ಇಲ್ಲ, ಕಾರಿಡಾರ್‌ನಲ್ಲೂ ಇಲ್ಲ. ಅದು ಹೋಟೆಲ್‌ಗೆ ಹೋಗೋ ಮುಂಚೆ, ಊರಿನ ಅವರ ಸಣ್ಣ ಮನೆಯಲ್ಲಿ, ಹಗಲು ಹೊತ್ತಿನ ಒಂದು ದೃಶ್ಯದಲ್ಲಿದೆ.

ಡ್ಯಾನಿ ಪ್ರಜ್ಞೆ ತಪ್ಪಿದ್ದ ಅಂತ ಡಾಕ್ಟರಮ್ಮ ಮನೆಗೆ ಬಂದಿದ್ದಾರೆ. ವೆಂಡಿ ಅವರ ಜೊತೆ ಮಾತಾಡ್ತಾ ಕೂತಿದ್ದಾಳೆ, ಕೈಯಲ್ಲಿ ಸಿಗರೇಟ್. ಮಾತಿಗೆ ಮಾತು ಬಂದು ಹೇಳ್ತಾಳೆ: ಹಿಂದೊಮ್ಮೆ ಹುಡುಗನ ಭುಜದ ಕೀಲು ತಪ್ಪಿತ್ತು. ಅವನಪ್ಪ ಕುಡಿದು ಬಂದಿದ್ದ, ಮಗು ಕಾಗದಗಳನ್ನ ಚೆಲ್ಲಾಡಿತ್ತು, ಎಳೆದ, ಸ್ವಲ್ಪ ಜೋರಾಗಿ ಎಳೆದುಬಿಟ್ಟ. ಅಷ್ಟೇ. ಯಾರಿಗೆ ಬೇಕಾದ್ರೂ ಆಗಬಹುದು. ಮಕ್ಕಳ ಕೈ ಹಿಡಿದು ಎಳೆಯೋದು ನಾವೆಲ್ಲ ಮಾಡೋದೇ ಅಲ್ವಾ? ಆದರೆ ಅದರಿಂದ ಒಳ್ಳೇದೂ ಆಯ್ತು, ಅವತ್ತಿಂದ ಅವರು ಕುಡಿಯೋದು ಬಿಟ್ಟಿದ್ದಾರೆ, ಐದು ತಿಂಗಳಾಯ್ತು. ಇಷ್ಟನ್ನೂ ಅವಳು ನಗು ಮುಖದಲ್ಲಿ ಹೇಳ್ತಾಳೆ. ಸಿಗರೇಟಿನ ಬೂದಿ ಉದ್ದ ಬೆಳೀತಾ ಹೋಗುತ್ತೆ, ಅದನ್ನ ಕೊಡವೋದಕ್ಕೂ ಅವಳಿಗೆ ನೆನಪಿಲ್ಲ. ಡಾಕ್ಟರಮ್ಮ ಏನೂ ಹೇಳಲ್ಲ. ಅವರ ಮುಖವನ್ನೊಮ್ಮೆ ನೋಡಿ.

ಬಹಳ ಹೊತ್ತಾದ ಮೇಲೆ ಜ್ಯಾಕ್ ಇದೇ ಘಟನೆಯನ್ನ ಹೋಟೆಲ್ ಬಾರ್‌ನಲ್ಲಿ, ಇಲ್ಲದ ಬಾರ್‌ಟೆಂಡರ್ ಒಬ್ಬನಿಗೆ ಹೇಳ್ತಾನೆ. ಅವನ ಬಾಯಲ್ಲಿ ಅದು ಆಗಿದ್ದು ಮೂರು ವರ್ಷದ ಹಿಂದೆ. ಅವಳು ಹೇಳಿದ್ದು, ಅವತ್ತಿಂದ ಕುಡಿದಿಲ್ಲ, ಐದು ತಿಂಗಳಾಯ್ತು ಅಂತ. ಎರಡೂ ಹೇಗೆ ನಿಜ ಆಗುತ್ತೆ? ಕಿಟಕಿಯ ಲೆಕ್ಕದ ಹಾಗೇ ಇದೂ ತಾಳೆಯಾಗಲ್ಲ. ಆದರೆ ಇಲ್ಲಿ ತಾಳೆಯಾಗದೇ ಇರೋದು ಕಟ್ಟಡ ಅಲ್ಲ, ಒಂದು ಮನೆ ತನ್ನ ಬಗ್ಗೆ ತಾನೇ ಹೇಳಿಕೊಳ್ಳೋ ಸುಳ್ಳು.

ಇನ್ನೊಂದು ದೃಶ್ಯ ಇದೆ, ಇಡೀ ಸಿನಿಮಾದಲ್ಲಿ ನನಗೆ ಅತಿ ಭಯ ಹುಟ್ಟಿಸೋದು ಅದೇ. ಕೊಡಲಿ ಇಲ್ಲ, ರಕ್ತ ಇಲ್ಲ. ಡ್ಯಾನಿ ಆಟದ ಸಾಮಾನು ತಗೊಂಡು ಬರೋಕೆ ಅಂತ ಮೆಲ್ಲಗೆ ರೂಮಿಗೆ ಬರ್ತಾನೆ, ಅಪ್ಪ ಮಲಗಿದ್ದಾನೆ ಅಂದ್ಕೊಂಡು. ಅಪ್ಪ ಮಲಗಿಲ್ಲ. ಮಂಚದ ಮೇಲೆ ಸುಮ್ಮನೆ ಕೂತಿದ್ದಾನೆ. ಬಾ ಅಂತ ಕರೀತಾನೆ, ತೊಡೆ ಮೇಲೆ ಕೂರಿಸಿಕೊಳ್ತಾನೆ, ತಲೆ ಸವರ್ತಾನೆ. ಹುಡುಗ ಕೇಳ್ತಾನೆ: ಅಪ್ಪಾ, ನೀನು ನನಗೆ, ಅಮ್ಮನಿಗೆ ಏನೂ ಮಾಡಲ್ಲ ಅಲ್ವಾ? ಒಂದು ಕ್ಷಣ ತಡೆದು ಅಪ್ಪ ಕೊಡುವ ಉತ್ತರ, 'ಛೆ, ಇಲ್ಲ ಮಗಾ' ಅಂತಲ್ಲ. ಅವನು ತಿರುಗಿ ಕೇಳ್ತಾನೆ: ಹಾಗಂತ ನಿಮ್ಮಮ್ಮ ಹೇಳಿದಳಾ?

ಆಮೇಲೆ ಪ್ರೀತಿ ಮಾಡ್ತೀನಿ ಅಂತಾನೆ, ಎಂದೂ ಏನೂ ಮಾಡಲ್ಲ ಅಂತಾನೆ. ಆದರೆ ಆ ಮೊದಲ ಪ್ರಶ್ನೆ ಬಂದು ಹೋಗಿದೆ. ಗೇಟಿನ ಸದ್ದಿನಲ್ಲೇ ಅಪ್ಪ ಇವತ್ತು ಯಾವ ಮೂಡ್‌ನಲ್ಲಿ ಬಂದಿದ್ದಾರೆ ಅಂತ ಗೊತ್ತುಮಾಡಿಕೊಂಡು ಬೆಳೆದವರು ಇದನ್ನ ಕೇಳ್ತಿದ್ದರೆ, ಈ ದೃಶ್ಯ ನಿಮಗೆ ಬೇರೆ ಯಾರಿಗಿಂತಲೂ ಚೆನ್ನಾಗಿ ಅರ್ಥವಾಗುತ್ತೆ. ಪ್ರೀತಿ ಸುಳ್ಳಲ್ಲ, ಭಯವೂ ಸುಳ್ಳಲ್ಲ, ಎರಡೂ ಒಬ್ಬನೇ ಮನುಷ್ಯನಿಂದ ಬರ್ತಿವೆ. ಡ್ಯಾನಿಗೆ 'ಶೈನಿಂಗ್' ಅನ್ನೋ ಶಕ್ತಿ ಇದೆ, ಆಗಿದ್ದು ಆಗೋದು ಎಲ್ಲ ಮೊದಲೇ ಕಾಣುತ್ತೆ ಅಂತ ಕತೆ ಹೇಳುತ್ತೆ. ಅಂಥ ಮನೆಗಳ ಮಕ್ಕಳಿಗೆ ಆ ಶಕ್ತಿ ಬರೋದಕ್ಕೆ ದೆವ್ವದ ಹೋಟೆಲ್ ಬೇಕಾಗಿಲ್ಲ.

ಇದು ಸುಮ್ಮನೆ ನನ್ನ ಅರ್ಥ ಅಲ್ಲ, ಮೂಲದಲ್ಲೇ ಇದೆ. ಸಿನಿಮಾಕ್ಕೆ ಆಧಾರ ಸ್ಟೀಫನ್ ಕಿಂಗ್ ಬರೆದ 1977ರ ಕಾದಂಬರಿ. 1974ರಲ್ಲಿ ಕಿಂಗ್ ಮತ್ತು ಅವರ ಹೆಂಡತಿ ಕೊಲರಾಡೊದ ಎಸ್ಟೆಸ್ ಪಾರ್ಕ್‌ನಲ್ಲಿರೋ ಸ್ಟ್ಯಾನ್ಲಿ ಹೋಟೆಲ್‌ನಲ್ಲಿ ಒಂದು ರಾತ್ರಿ ಉಳಿದಿದ್ದರು. ಚಳಿಗಾಲಕ್ಕೆ ಬಾಗಿಲು ಹಾಕೋ ಸಮಯ, ಇವರನ್ನ ಬಿಟ್ಟರೆ ಹೆಚ್ಚು ಕಡಿಮೆ ಬೇರೆ ಅತಿಥಿಗಳೇ ಇಲ್ಲ. ಉಳಿದಿದ್ದ ಕೋಣೆ 217. ಅಲ್ಲಿ ಬಿದ್ದ ಒಂದು ಕೆಟ್ಟ ಕನಸಿನಿಂದ, ಮಗ ಕಾರಿಡಾರ್‌ನಲ್ಲಿ ಕಿರುಚಿಕೊಂಡು ಓಡ್ತಿರೋ ಕನಸಿನಿಂದ, ಕತೆ ಹುಟ್ಟಿತು. ಆ ಕಾಲದಲ್ಲಿ ಕಿಂಗ್ ಸ್ವತಃ ವಿಪರೀತ ಕುಡೀತಿದ್ದರು. ಕುಡುಕ ಅಪ್ಪನ ಕತೆ ಬರೆಯುವಾಗ ತನ್ನದೇ ಕತೆ ಬರೀತಿದ್ದೀನಿ ಅಂತ ತನಗೆ ಹೊಳೆದಿರಲಿಲ್ಲ ಅಂತ ಆಮೇಲೆ ಒಪ್ಪಿಕೊಂಡಿದ್ದಾರೆ.

ಅದಕ್ಕೇ ಇರಬೇಕು, ಕಿಂಗ್‌ಗೆ ಈ ಸಿನಿಮಾ ಕಂಡರೆ ಆಗಲ್ಲ. ಕಾದಂಬರಿಯ ಜ್ಯಾಕ್ ಒಳ್ಳೆಯವನಾಗೋಕೆ ಒದ್ದಾಡಿ ಸೋಲುವವನು, ಕೊನೆಯಲ್ಲಿ ಒಂದು ಕ್ಷಣವಾದರೂ ಮಗನನ್ನ ಉಳಿಸ್ತಾನೆ. ನಿಕಲ್ಸನ್ ಮಾತ್ರ ಮೊದಲ ಶಾಟ್‌ನಿಂದಲೇ ಹುಚ್ಚನ ಹಾಗೆ ಕಾಣ್ತಾನೆ ಅನ್ನೋದು ಅವರ ತಕರಾರು. ಕಾದಂಬರಿ ಬೆಂಕಿಯಲ್ಲಿ ಮುಗಿಯುತ್ತೆ, ಸಿನಿಮಾ ಮಂಜುಗಡ್ಡೆಯಲ್ಲಿ. 1997ರಲ್ಲಿ ಕಿಂಗ್ ತಾವೇ ಚಿತ್ರಕತೆ ಬರೆದು ಟಿವಿಗೆ ಇದನ್ನ ಮತ್ತೆ ಮಾಡಿಸಿದರು. ಅದು ಕಾದಂಬರಿಗೆ ಬಹಳ ನಿಷ್ಠವಾಗಿದೆ. ಅದರ ಮೀಮ್ ಯಾವುದಾದ್ರೂ ನಿಮಗೆ ಬಂದಿದೆಯಾ? ನನಗಂತೂ ಬಂದಿಲ್ಲ.

ಕಿಂಗ್ ಅವರ ಇನ್ನೊಂದು ದೂರು ವೆಂಡಿ ಪಾತ್ರದ ಬಗ್ಗೆ: ಸಿನಿಮಾದಲ್ಲಿ ಅವಳು ಬರೀ ಅಳೋದಕ್ಕೆ ಕಿರುಚೋದಕ್ಕೆ ಇದ್ದಾಳೆ ಅಂತ. ನಾನು ಇದನ್ನ ಒಪ್ಪಲ್ಲ. ಒಂದು ಸಲ ಅವಳನ್ನೇ ನೋಡ್ತಾ ಸಿನಿಮಾ ನೋಡಿ. ಬಾಯ್ಲರ್ ನೋಡಿಕೊಳ್ಳೋಳು ಅವಳು, ವೈರ್‌ಲೆಸ್‌ನಲ್ಲಿ ಮಾತಾಡೋಳು ಅವಳು, ಕೇರ್‌ಟೇಕರ್ ಕೆಲಸ ಮಾಡೋಳೇ ಅವಳು. ಗಂಡ ಮೆಟ್ಟಿಲ ಮೇಲೆ ಒಂದೊಂದೇ ಹೆಜ್ಜೆ ಮುಂದೆ ಬರುವಾಗ, ನಡುಗುವ ಕೈಯಲ್ಲಿ ಬ್ಯಾಟ್ ಬೀಸ್ತಾ ಹಿಂದೆ ಹಿಂದೆ ಹತ್ತಿ ಹೋಗಿ, ಕೊನೆಗೆ ಹೊಡೆದು ಬೀಳಿಸೋಳೂ ಅವಳೇ. ಆ ಪಾತ್ರ ಮಾಡಿದ ಶೆಲಿ ಡುವಾಲ್ ತಿಂಗಳುಗಟ್ಟಲೆ, ಟೇಕ್ ಮೇಲೆ ಟೇಕ್ ಅಳಬೇಕಾಯ್ತು. ಕುಬ್ರಿಕ್ ಅವರ ಮಗಳು ವಿವಿಯನ್ ಸೆಟ್‌ನಲ್ಲೇ ತೆಗೆದ ಸಾಕ್ಷ್ಯಚಿತ್ರದಲ್ಲಿ ನಿರ್ದೇಶಕ ಎಲ್ಲರೆದುರು ಡುವಾಲ್ ಮೇಲೆ ರೇಗೋದು ಕಾಣುತ್ತೆ. ಅದಕ್ಕೆ ಸಿಕ್ಕ ಫಲ? ವರ್ಷದ ಕೆಟ್ಟ ಸಿನಿಮಾಗಳನ್ನ ಗೇಲಿ ಮಾಡೋ ರ‍್ಯಾಜಿ ಪ್ರಶಸ್ತಿಗೆ 'ಕೆಟ್ಟ ನಟಿ' ಅಂತ ನಾಮನಿರ್ದೇಶನ. ಕುಬ್ರಿಕ್‌ಗೂ 'ಕೆಟ್ಟ ನಿರ್ದೇಶಕ' ಅಂತ. ಡುವಾಲ್ ಅವರ ಹೆಸರನ್ನ ರ‍್ಯಾಜಿಯವರು ವಾಪಸ್ ತಗೊಂಡಿದ್ದು 2022ರಲ್ಲಿ. 2024ರ ಜುಲೈನಲ್ಲಿ ಅವರು ತೀರಿಕೊಂಡರು. ಕುಬ್ರಿಕ್ ಬಗ್ಗೆ ಅವರು ಕೆಟ್ಟದ್ದಷ್ಟೇ ಹೇಳಿದವರಲ್ಲ, ಪ್ರೀತಿಯಿಂದಲೂ ಮಾತಾಡಿದ್ದಾರೆ. ಆದರೂ ಆ ಮೆಟ್ಟಿಲ ದೃಶ್ಯ ನೋಡುವಾಗ ನನಗೆ ಒಂದು ಕಸಿವಿಸಿ ಇದ್ದೇ ಇರುತ್ತೆ. ಪರದೆ ಮೇಲೆ ನಡುಗ್ತಿರೋದು ವೆಂಡಿಯಾ, ಶೆಲಿಯಾ? ಪುಟ್ಟ ಡ್ಯಾನಿ ಲಾಯ್ಡ್‌ಗೆ ಮಾತ್ರ ಇದು ಹಾರರ್ ಸಿನಿಮಾ ಅಂತಲೇ ಗೊತ್ತಾಗದ ಹಾಗೆ ನೋಡಿಕೊಂಡಿದ್ದರು. ಹೋಟೆಲ್‌ನಲ್ಲಿ ಇರೋ ಒಂದು ಕುಟುಂಬದ ಕತೆ ಅಂತ ಅವನಿಗೆ ಹೇಳಿದ್ದರಂತೆ. ಯೋಚಿಸಿದರೆ ಅದು ಸುಳ್ಳೂ ಅಲ್ಲ.

ಸರಿ, ದೆವ್ವ ಇದೆಯಾ ಇಲ್ವಾ? ನಮ್ಮ ಸಿನಿಮಾಗಳ ದೆವ್ವಕ್ಕೆ ಸಾಮಾನ್ಯವಾಗಿ ಒಂದು ಕಾರಣ ಇರುತ್ತೆ. ಯಾರೋ ಅನ್ಯಾಯ ಮಾಡಿರ್ತಾರೆ, ಅದು ಸೇಡಿಗೆ ಬಂದಿರುತ್ತೆ, ಸೇಡು ತೀರಿದರೆ ಹೋಗುತ್ತೆ. 2004ರ 'ಆಪ್ತಮಿತ್ರ' ನೆನಪಿಸಿಕೊಳ್ಳಿ. ನಾಗವಲ್ಲಿ ಯಾಕೆ ಹೀಗಾದಳು ಅಂತ ನಮಗೆ ಗೊತ್ತು, ಗಂಗಾಗೆ ಆಗ್ತಿರೋದು ಏನು ಅಂತ ವಿಷ್ಣುವರ್ಧನ್ ಬಿಡಿಸಿ ಹೇಳ್ತಾರೆ. ಹೆದರಿಕೆ ಆದರೂ ಮನೆಗೆ ನೆಮ್ಮದಿಯಾಗಿ ಹೋಗ್ತೀವಿ. ಓವರ್‌ಲುಕ್‌ನ ದೆವ್ವಗಳಿಗೆ ಏನು ಬೇಕು ಅಂತ ಯಾರೂ ಹೇಳಲ್ಲ. ಜ್ಯಾಕ್ ದೆವ್ವಗಳ ಜೊತೆ ಮಾತಾಡುವ ಕಡೆಯಲ್ಲೆಲ್ಲ ಹೆಚ್ಚುಕಮ್ಮಿ ಒಂದು ಕನ್ನಡಿ ಇರುತ್ತೆ, ಗಮನಿಸಿ. ಹಾಗಾದರೆ ಅವನು ತನ್ನ ಜೊತೆಗೇ ಮಾತಾಡ್ತಿದ್ದಾನಾ? ಹೌದು ಅಂತ ನೀವು ತೀರ್ಮಾನ ಮಾಡೋ ಹೊತ್ತಿಗೆ ಅವನನ್ನ ವೆಂಡಿ ಉಗ್ರಾಣದಲ್ಲಿ ಕೂಡಿಹಾಕ್ತಾಳೆ. ಹೊರಗಿನಿಂದ ಚಿಲಕ. ಆಮೇಲೆ ಆ ಚಿಲಕ ಸರಿಯುವ ಸದ್ದು ಕೇಳುತ್ತೆ. ತೆಗೆದವರು ಯಾರು? ಅಲೌಕಿಕ ಬಿಟ್ಟು ಬೇರೆ ವಿವರಣೆ ಇಲ್ಲದ ಜಾಗ ಅದೊಂದೇ ಅಂತ ಕುಬ್ರಿಕ್ ಕೂಡ ಹೇಳಿದ್ದುಂಟು. ಸಿನಿಮಾ ಮುಗಿಯೋಕೆ ಬಂದಾಗ, ಕಾಲ ಕೆಳಗಿನ ನೆಲ ಎಳೆದ ಹಾಗೆ.

ವಿವರಣೆ ಕೊಡೋ ಒಂದು ಅವಕಾಶವೂ ಇತ್ತು. ಬಿಡುಗಡೆಯಾದಾಗ ಕೊನೆಯಲ್ಲಿ ಒಂದು ಆಸ್ಪತ್ರೆ ದೃಶ್ಯ ಇತ್ತು: ಬದುಕಿ ಬಂದ ವೆಂಡಿ, ಡ್ಯಾನಿಯನ್ನ ಮ್ಯಾನೇಜರ್ ನೋಡೋಕೆ ಬರ್ತಾನೆ. ಥಿಯೇಟರ್‌ಗಳಲ್ಲಿ ಓಡೋಕೆ ಶುರುವಾದ ಮೇಲೆ ಕುಬ್ರಿಕ್ ಅದನ್ನ ಕತ್ತರಿಸಿ ವಾಪಸ್ ಕಳಿಸಿ ಅಂದುಬಿಟ್ಟ. ಬ್ರಿಟನ್, ಯುರೋಪಿಗೆ ಹೋಗುವಾಗ ಇನ್ನೂ ಸುಮಾರು 25 ನಿಮಿಷ ಕತ್ತರಿಸಿದ. ಹೋದದ್ದರಲ್ಲಿ ಡಾಕ್ಟರಮ್ಮನ ದೃಶ್ಯವೂ ಸೇರಿತ್ತು. ಇದೊಂದು ಮಾತ್ರ ನನಗೆ ಅರ್ಥವಾಗದ ಕತ್ತರಿ. ಹಾಗಾಗಿ ನೀವು ನೋಡೋದಾದರೆ 144 ನಿಮಿಷದ್ದನ್ನೇ ನೋಡಿ.

ಕಾರಣ ಹೇಳದೇ ಬಿಟ್ಟರೆ ಜನ ಸುಮ್ಮನಿರ್ತಾರಾ? ಇಲ್ಲಿಂದ ಅಭಿಮಾನಿಗಳ ಕತೆ ಶುರು. 2012ರಲ್ಲಿ ರಾಡ್ನಿ ಆಶರ್ 'ರೂಮ್ 237' ಅನ್ನೋ ಸಾಕ್ಷ್ಯಚಿತ್ರ ಮಾಡಿದರು, ಈ ಸಿನಿಮಾದ ಒಳಾರ್ಥ ಹುಡುಕುವವರ ಬಗ್ಗೆ. ಉಗ್ರಾಣದಲ್ಲಿರೋ ಬೇಕಿಂಗ್ ಪೌಡರ್ ಡಬ್ಬಿಯ ಮೇಲಿನ ಅಮೆರಿಕದ ಮೂಲನಿವಾಸಿಯ ಚಿತ್ರ ನೋಡಿ, ಇದು ಅವರ ನರಮೇಧದ ಕತೆ ಅಂತಾರೆ ಒಬ್ಬರು. ಇನ್ನೊಬ್ಬರಿಗೆ ಇದು ಯಹೂದಿಗಳ ಹತ್ಯಾಕಾಂಡ. ಡ್ಯಾನಿಯ ಸ್ವೆಟರ್ ಮೇಲೆ ಅಪೊಲೊ 11 ರಾಕೆಟ್ ಇದೆಯಲ್ಲ, ಅದನ್ನ ಹಿಡಿದು ಚಂದ್ರನ ಮೇಲೆ ಇಳಿದ ದೃಶ್ಯಗಳನ್ನ ತಾನೇ ತೆಗೆದದ್ದು ಅಂತ ಕುಬ್ರಿಕ್ ತಪ್ಪೊಪ್ಪಿಗೆ ಮಾಡಿಕೊಂಡಿದ್ದಾನೆ ಅಂತಾರೆ ಮತ್ತೊಬ್ಬರು. ಸಿನಿಮಾವನ್ನ ಹಿಂದಿನಿಂದ ಮುಂದಕ್ಕೂ ಮುಂದಿನಿಂದ ಹಿಂದಕ್ಕೂ ಒಂದರ ಮೇಲೊಂದು ಇಟ್ಟು ನೋಡಿದವರೂ ಇದ್ದಾರೆ. ಕುಬ್ರಿಕ್ ಜೊತೆ ಕೆಲಸ ಮಾಡಿದ್ದ ಲಿಯಾನ್ ವಿಟಾಲಿ ಇದರಲ್ಲಿ ಬಹುಪಾಲು ಅಸಂಬದ್ಧ ಅಂತ ನಕ್ಕುಬಿಟ್ಟರು. ಚಂದ್ರನ ಕತೆ ನನಗೂ ನಗು ತರಿಸುತ್ತೆ. ಮೂಲನಿವಾಸಿಗಳದ್ದನ್ನ ಅಷ್ಟು ಸುಲಭವಾಗಿ ತಳ್ಳಿಹಾಕೋಕೆ ಆಗಲ್ಲ. ಹೋಟೆಲ್ ಕಟ್ಟಿರೋದು ಅವರ ಸ್ಮಶಾನದ ಮೇಲೆ ಅಂತ ಮ್ಯಾನೇಜರ್ ಬಾಯಲ್ಲೇ ಹೇಳಿಸಿದ್ದಾರೆ, ಗೋಡೆ ತುಂಬ ಅವರ ಚಿತ್ತಾರ.

ಆ ಕೋಣೆ ಸಂಖ್ಯೆಗೂ ಒಂದು ಕತೆ ಇದೆ. ಕಾದಂಬರಿಯಲ್ಲಿ 217 ಇದ್ದದ್ದು ಸಿನಿಮಾದಲ್ಲಿ 237 ಆಗೋದಕ್ಕೆ ಕಾರಣ ಟಿಂಬರ್‌ಲೈನ್ ಲಾಡ್ಜ್‌ನವರು. ನಮ್ಮಲ್ಲಿ 217 ನಿಜವಾಗಲೂ ಇದೆ, ಆಮೇಲೆ ಯಾರೂ ಅದರಲ್ಲಿ ಉಳಿಯಲ್ಲ, ನಮ್ಮಲ್ಲಿಲ್ಲದ ಸಂಖ್ಯೆ ಹಾಕಿ ಅಂತ ಕೇಳಿಕೊಂಡರು. ಈಗ ಆ ಲಾಡ್ಜ್‌ನಲ್ಲಿ ಜನ ಕೇಳಿ ಕೇಳಿ ಬುಕ್ ಮಾಡೋ ಕೋಣೆ 217! ಪಿಕ್ಸಾರ್‌ನ ಲೀ ಅನ್‌ಕ್ರಿಚ್ ಇದ್ದಾರಲ್ಲ, ಮಕ್ಕಳ ಸಿನಿಮಾ 'ಟಾಯ್ ಸ್ಟೋರಿ 3' ನಿರ್ದೇಶಿಸಿದವರು, ಅದರಲ್ಲೂ 237 ಅನ್ನ ಅಲ್ಲಲ್ಲಿ ಅಡಗಿಸಿಟ್ಟಿದ್ದಾರೆ. ವರ್ಷಗಟ್ಟಲೆ ಹುಡುಕಾಡಿ 2023ರಲ್ಲಿ ಈ ಸಿನಿಮಾ ತಯಾರಾದ ಬಗ್ಗೆ ಒಂದು ಭಾರಿ ಪುಸ್ತಕವನ್ನೇ ತಂದರು.

ಕ್ಲೈಮ್ಯಾಕ್ಸ್‌ನಲ್ಲಿ ಡ್ಯಾನಿ ಹಿಮ ತುಂಬಿದ ಚಕ್ರವ್ಯೂಹದೊಳಗೆ ಓಡ್ತಾನೆ, ಹಿಂದೆ ಕೊಡಲಿ ಹಿಡಿದ ಅಪ್ಪ. ಹುಡುಗ ನಿಂತು, ತನ್ನದೇ ಹೆಜ್ಜೆ ಗುರುತಿನ ಮೇಲೆ ಹಿಂದಕ್ಕೆ ಹಿಂದಕ್ಕೆ ಕಾಲಿಟ್ಟು, ಪಕ್ಕಕ್ಕೆ ಹಾರಿ ಅಡಗಿಕೊಳ್ತಾನೆ. ಜ್ಯಾಕ್ ಮುಂದೆ ಹೋಗಿ ದಾರಿ ತಪ್ಪಿ ಅಲ್ಲೇ ಹೆಪ್ಪುಗಟ್ಟಿ ಸಾಯ್ತಾನೆ. ನಮ್ಮ ಅಭಿಮನ್ಯುವಿನ ಹಾಗೆ ಅಪ್ಪನಿಗೆ ಒಳಗೆ ಹೋಗೋದಷ್ಟೇ ಗೊತ್ತಿತ್ತು, ಹೊರಗೆ ಬರೋ ದಾರಿ ಗೊತ್ತಿದ್ದದ್ದು ಮಗನಿಗೆ. ಅಭಿಮಾನಿಗಳಲ್ಲಿ ಬಹಳ ಜನ ಅಪ್ಪನ ಕಡೆಯವರು, ಇನ್ನೂ ಒಳಗೇ ಇದ್ದಾರೆ.

ಆಮೇಲೆ ಕೊನೆಯ ಶಾಟ್. ಕ್ಯಾಮೆರಾ ಮೆಲ್ಲಗೆ ಗೋಡೆಯ ಹಳೆಯ ಫೋಟೋ ಒಂದರ ಹತ್ತಿರ ಹೋಗುತ್ತೆ. ಓವರ್‌ಲುಕ್ ಹೋಟೆಲ್, 1921ರ ಜುಲೈ 4ರ ನೃತ್ಯಕೂಟ. ನೂರಾರು ಜನ. ಎಲ್ಲರ ಮುಂದೆ, ಮಧ್ಯದಲ್ಲಿ, ನಗ್ತಾ ನಿಂತಿರೋನು ಜ್ಯಾಕ್. ಹೇಗೆ? ಪುನರ್ಜನ್ಮವಾ? ಹೋಟೆಲ್ ಅವನನ್ನ ನುಂಗಿತಾ? ಸಿನಿಮಾ ಮುಗೀತು.

ಅದೊಂದು ನಿಜವಾದ ಹಳೆಯ ಫೋಟೋ, ಯಾರದ್ದೋ ಮುಖದ ಮೇಲೆ ನಿಕಲ್ಸನ್ ಮುಖ ಕೂರಿಸಿದ್ದು ಅಂತ ಅಭಿಮಾನಿಗಳಿಗೆ ಮೊದಲೇ ಗೊತ್ತಿತ್ತು. ಆ ಯಾರೋ ಯಾರು ಅನ್ನೋದು ನಾಲ್ಕು ದಶಕ ಗೊತ್ತಾಗಲಿಲ್ಲ. ಅತಿಥಿಗಳು ಶ್ರೀಮಂತ ಬ್ಯಾಂಕರ್‌ಗಳು ಅಂದರು, ಮಾಟ ಮಂತ್ರದ ಗುಂಪು ಅಂದರು. 2025ರಲ್ಲಿ ಇಂಗ್ಲೆಂಡ್‌ನ ನಿವೃತ್ತ ಪ್ರಾಧ್ಯಾಪಕ ಅಲಸ್ಡೇರ್ ಸ್ಪಾರ್ಕ್ ಮತ್ತು ಜೊತೆಗೆ ಹುಡುಕ್ತಿದ್ದವರು ಗೆಟ್ಟಿ ಸಂಸ್ಥೆಯ ಸಂಗ್ರಹದಲ್ಲಿ ಮೂಲ ಪ್ರತಿ ಪತ್ತೆ ಮಾಡಿದರು. ತೆಗೆದದ್ದು 1921ರ ಫೆಬ್ರುವರಿ 14ರಂದು, ಲಂಡನ್‌ನ ಕೆನ್ಸಿಂಗ್ಟನ್‌ನಲ್ಲಿದ್ದ ರಾಯಲ್ ಪ್ಯಾಲೇಸ್ ಹೋಟೆಲ್‌ನ ಎಂಪ್ರೆಸ್ ರೂಮ್ಸ್‌ನಲ್ಲಿ. ಪ್ರೇಮಿಗಳ ದಿನದ ಡ್ಯಾನ್ಸ್. ಮಧ್ಯದಲ್ಲಿ ನಿಂತವರ ಹೆಸರು ಸಾಂಟೋಸ್ ಕಸಾನಿ, ಊರಿಗೆಲ್ಲ ಡ್ಯಾನ್ಸ್ ಹೇಳಿಕೊಡ್ತಿದ್ದ ಮೇಷ್ಟ್ರು. ಮಾಟ ಇಲ್ಲ, ಮಂತ್ರ ಇಲ್ಲ. ಸಂಜೆ ಖುಷಿಯಾಗಿ ಕುಣಿದು, ಫೋಟೋಗೆ ನಿಂತ ಜನ.

ಈ ವಿಷಯ ತಿಳಿದ ಮೇಲೆ ನಾನು ಮತ್ತೆ ಸಿನಿಮಾ ಹಾಕಿದೆ, ಕೊನೆಯ ಶಾಟ್ ಇನ್ನು ಹೆದರಿಸಲ್ಲ ಅಂದ್ಕೊಂಡು. ಹೆದರಿಕೆ ಆಯ್ತು. ಈ ಸಲ ಕಣ್ಣು ಹೋಗಿದ್ದು ಜ್ಯಾಕ್ ಮೇಲಲ್ಲ, ಅವನ ಸುತ್ತ ನಗ್ತಾ ನಿಂತಿರೋ ಉಳಿದವರ ಮೇಲೆ. ಅವರಲ್ಲಿ ಒಬ್ಬರಿಗೂ ತಮ್ಮ ನಡುವೆ ನಿಂತಿರೋನು ಯಾರು ಅಂತ ಗೊತ್ತಿಲ್ಲ.

ಇವತ್ತು ರಾತ್ರಿ ನೋಡ್ತೀರಾದರೆ ಇಯರ್‌ಫೋನ್ ಹಾಕ್ಕೊಳ್ಳಿ. ರೂಮಿನ ಲೈಟ್ ಆರಿಸಬೇಕಾ ಬೇಡ್ವಾ ಅಂತ ಕೇಳಬೇಡಿ, ಈ ಸಿನಿಮಾಕ್ಕೆ ಅದರಿಂದ ಏನೂ ವ್ಯತ್ಯಾಸ ಆಗಲ್ಲ. ಮುಂದಿನ ಸಂಚಿಕೆಯಲ್ಲಿ ಸಿಗೋಣ.